ಸ್ಪ್ರಿಂಟ್ ಕಾಲಿಗೆ ಮ್ಯಾರಥಾನ್ ಕಲಿಸುವುದು

100 ಮೀಟರ್ ಓಡಿ ಪಳಗಿದವರು 42.195 ಕಿ.ಮೀ.ಗೆ ಇಳಿದಾಗ ಎಡವುವುದು ಮೊದಲ ಕಿಲೋಮೀಟರಿನಲ್ಲೇ. ಕಾಲಿಗೆ ನಿಧಾನ ಗೊತ್ತಿರುವುದಿಲ್ಲ. ಜೊತೆಗಾರರೊಡನೆ ಪೂರ್ತಿ ವಾಕ್ಯದಲ್ಲಿ ಹರಟಲು ಆಗುವಷ್ಟೇ ವೇಗವಿರಲಿ. ನಾಚಿಕೆಯಾಗುವಷ್ಟು ನಿಧಾನ ಅನಿಸಿದರೆ ಸರಿಯಾಗಿದೆ ಎಂದೇ ಲೆಕ್ಕ.

ಎರಡನೆಯ ತೊಂದರೆ ಮುಂಗಾಲಲ್ಲೇ ಓಡುವ ಅಭ್ಯಾಸ. ಗಂಟೆಗಟ್ಟಲೆ ಹಾಗೆ ಓಡಿದರೆ ಮೀನಖಂಡ ಬಿಗಿದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯುತ್ತದೆ. ಹೆಜ್ಜೆ ಚಿಕ್ಕದು ಮಾಡಿ, ಮಂಡಿ ಕಡಿಮೆ ಎತ್ತಿ, ಪಾದ ಸೊಂಟದ ಕೆಳಗೇ ಬೀಳಲಿ. ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆಯಿರುವ ಶೂ, ಅಟ್ಟಕ್ಕೆ. ಹೊಸ ಶೂನಲ್ಲಿ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬೇಕು.

ವಾರಕ್ಕೆ ಮೂರು ದಿನ 5 ಕಿ.ಮೀ., ಮುಂಬೈಯ ಮಾಟುಂಗದ ಫೈವ್ ಗಾರ್ಡನ್ಸ್ ಉದ್ಯಾನ ಸುತ್ತಿದರೂ ಸಾಕು. ಭಾನುವಾರದ ಓಟ 8 ಕಿ.ಮೀ.ನಿಂದ ಶುರುಮಾಡಿ ವಾರಕ್ಕೊಂದು ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಇಳಿಸಿ. ವೇಗವನ್ನು ಪೂರ್ತಿ ಬಿಡಬೇಡಿ: ವಾರಕ್ಕೊಮ್ಮೆ 20 ಸೆಕೆಂಡಿನ ನಾಲ್ಕು ಓಟ, ನಡುವೆ ನಡಿಗೆ.

ಮುಂಬೈಯ ಸೆಕೆ ಬೇರೆ ಕಥೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರದು, ಮೈ ತಣಿಯದು. ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಐದಕ್ಕೇ ಹೊರಡಿ. ಓಟದ ಮೊದಲೂ ಆಮೇಲೂ ತೂಕ ನೋಡಿ: ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ. ಉಪ್ಪು ಹಾಕಿದ ಗಂಜಿತಿಳಿ ನೀರಿಗೆ ಬೆರೆಸುವ ಯಾವ ದುಬಾರಿ ಪುಡಿಗೂ ಕಡಿಮೆಯಿಲ್ಲ. ಮಳೆಯಲ್ಲಿ ನೆನೆದ ಶೂಗೆ ಹಳೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ.

ಜನವರಿಯ ಮುಂಬೈ ಮ್ಯಾರಥಾನಿನಲ್ಲಿ ಪೆಡ್ಡರ್ ರೋಡ್ ಏರು ಸಿಗುವುದು 30 ಕಿ.ಮೀ. ದಾಟಿದ ಮೇಲೆ. ಅಲ್ಲಿ ನಿಮ್ಮೊಳಗಿನ ಹಳೇ ಸ್ಪ್ರಿಂಟರ್ ಎಚ್ಚರಗೊಂಡರೆ ಮಾತು ಕೇಳಬೇಡಿ.