'ಬರೆಯಿರಿ' ಅನ್ನದೆ ಗೆಳೆಯನ ಪುಸ್ತಕ ಬರೆಸಿದ್ದು

ನಮ್ಮ ಬ್ಯಾಚಿನ ಗೆಳೆಯನೊಬ್ಬ ತೀರಿಕೊಂಡ ಮೇಲೆ ಅವನ ನೆನಪಿನ ಪುಸ್ತಕ ತರೋಣ ಅಂದೆ. ಉಳಿದವರು ನಂಬಲಿಲ್ಲ. "ಯಾರೂ ಬರೆಯಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯಾ" ಅಂದರು. ಗುಂಪಿನಲ್ಲಿ ನಾಲ್ಕು ಸಾಲು ಕೇಳಿದ್ದಕ್ಕೆ ಬಂದದ್ದೆಲ್ಲ ಕೈಮುಗಿದ ಚಿತ್ರಗಳು. ಬರೆದ ಕೆಲವರೂ 'ಸ್ನೇಹಜೀವಿ, ಸದಾ ಹಸನ್ಮುಖಿ' ಅಂತ ಮುಗಿಸಿದ್ದರು. ಮೊದಲ ಪೀರಿಯಡ್ಡಿನಲ್ಲಿ ಅವನಷ್ಟು ಸಿಡುಕ ಇನ್ನೊಬ್ಬ ಇರಲಿಲ್ಲ!

ಬರೆಯಿರಿ ಅನ್ನುವುದನ್ನೇ ಬಿಟ್ಟೆ. ಒಬ್ಬೊಬ್ಬರಿಗೂ ಬೇರೆ ಫೋಟೋ ಕಳಿಸಿ, ಫೋನ್ ಮಾಡಿ ಒಂದೊಂದು ಸಣ್ಣ ಪ್ರಶ್ನೆಯಿಂದ ಶುರು ಮಾಡಿದೆ. ಈ ಫೋಟೋ ತೆಗೆಯುವ ಮೊದಲು ಏನಾಗಿತ್ತು? ಅವನು ನಿನ್ನ ಹತ್ತಿರ ತಗೊಂಡ ಸಾಲ ವಾಪಸ್ ಕೊಟ್ಟನಾ? ಸಾಲದ ಮಾತಿಗೆ ಎಲ್ಲರೂ ಬಾಯಿಬಿಟ್ಟರು. ಹತ್ತು ನಿಮಿಷ ಅಂದವರು ಮುಕ್ಕಾಲು ಗಂಟೆ ಮಾತಾಡಿದರು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಂಡೆ, ಅವರ ಮಾತಿನಲ್ಲೇ ಬರೆದೆ, ಅಚ್ಚಿಗೆ ಹೋಗುವ ಮೊದಲು ಅವರಿಗೂ ಮನೆಯವರಿಗೂ ತೋರಿಸಿದೆ. ಕೊನೆಗೆ ಕೇಳುತ್ತಿದ್ದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಹೇಳಲ್ಲ. ಮೊದಲೇ ಗೊತ್ತಾದರೆ ಜನ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ.

ಫೋಟೋಗಳದ್ದು ಜಾಸ್ತಿ ತಲೆನೋವು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದವು ಸೊರಗಿ ಬಂದವು. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಎಲ್ಲರ ಬೆನ್ನು ಹತ್ತಿದೆ. ಸಣ್ಣ ಪ್ರಿಂಟ್‌ಗಳನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದೆ. ಎರಡು ಪಟ್ಟು ಹಿಗ್ಗಿಸಿದರೂ ಮುದ್ರಣಕ್ಕೆ ಬೇಕಾದ 300 ಉಳಿಯುತ್ತದಲ್ಲ. ಅಂಟಿನ ಆಲ್ಬಮ್ಮಿಗೆ ಕಚ್ಚಿಕೊಂಡವನ್ನು ಡೆಂಟಲ್ ಫ್ಲಾಸ್ ದಾರದಿಂದ ಮೆಲ್ಲಗೆ ಬಿಡಿಸಿದೆ.

ಈ ನಡುವೆ ಅವನ ಮಿಮಿಕ್ರಿ ಇದ್ದ ಒಂದು ಕ್ಯಾಸೆಟ್ ಸಿಕ್ಕಿತು. ಧ್ವನಿ ಮಂಕಾಗಿತ್ತು. ಪ್ಲೇಯರಿನಲ್ಲಿ ಟೇಪ್ ಓದುವ ಹೆಡ್ ಒರೆಸಿ, ಪಕ್ಕದ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದ ಮೇಲೆ ತಿಳಿಯಾಯಿತು. ಪುಸ್ತಕಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಒಂದು ವಾರ ಅದರಲ್ಲೇ ಕಳೆಯಿತು.

ಇನ್ನು ದುಡ್ಡು. ಕೊಡ್ತೀನಿ ಅಂದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಕೊಟ್ಟರು. ಮೊದಲು ಹೋದ ಪ್ರೆಸ್ಸಿನವರು ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ಟೇ ಮಾಡಿಸಿ, ಸಾವಿರ ಪ್ರತಿ ಹಾಕಿಸಿ ಅಂದರು. ನಮಗೆ ಬೇಕಿದ್ದದ್ದು ನೂರರ ಒಳಗೆ. ಅಷ್ಟಕ್ಕೆ ಪ್ಲೇಟಿನ ಖರ್ಚೇ ಮೈಮೇಲೆ ಬರುತ್ತದೆ. ಪ್ಲೇಟಿಲ್ಲದ ಡಿಜಿಟಲ್‌ನಲ್ಲಿ ಒಟ್ಟು ಖರ್ಚು ಮೂರರಲ್ಲೊಂದು ಪಾಲಿಗೆ ಇಳಿಯಿತು. ನಡುವೆ ಪಿನ್ ಹೊಡೆಯುವ ಬೈಂಡಿಂಗ್ ಆದ್ದರಿಂದ ಪುಟಗಳು 4ರ ಲೆಕ್ಕಕ್ಕೆ ಕೂರಬೇಕು. ಎರಡು ಪುಟ ಮಿಕ್ಕಿದವು. ಅಲ್ಲಿ ಅವನ ಕೈಬರಹದ ಲ್ಯಾಬ್ ರೆಕಾರ್ಡ್ ಹಾಕಿದೆ, ಮೇಷ್ಟ್ರ ಕೆಂಪು ಗೆರೆಗಳ ಸಮೇತ. ಎಲ್ಲರೂ ಮೊದಲು ತೆರೆಯುವುದು ಅದನ್ನೇ.

ಆಗೋದಿಲ್ಲ ಅಂದಿದ್ದವರೇ ಈಗ ಇನ್ನಷ್ಟು ಪ್ರತಿ ಕೇಳುತ್ತಿದ್ದಾರೆ. ಈ ಸಲ ದುಡ್ಡು ಬಂದ ಮೇಲೆಯೇ ಪ್ರೆಸ್ಸಿಗೆ ಹೋಗುವುದು.