ಮಕ್ಕಳ ಕೈಗೆ ಫೋನ್ ಕೊಡದೆ ನಲಿ-ಕಲಿಯಲ್ಲಿ ಮೌಲ್ಯಮಾಪನ: ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಮ್ಮ ಶಾಲೆಯ ನಲಿ-ಕಲಿ (ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಯಿಂದ ಕಲಿಯುವ ಸರ್ಕಾರಿ ಶಾಲೆಗಳ ಪದ್ಧತಿ) ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಸುಮಾರು ಇಪ್ಪತ್ತೆಂಟು ಮಕ್ಕಳ ಓದು, ಬರಹ ಮತ್ತು ಲೆಕ್ಕದ ಮೌಲ್ಯಮಾಪನ ಈಗ ಒಂದೇ ಒಂದು ಹಳೆಯ ಫೋನಿನಿಂದ ನಡೆಯುತ್ತಿದೆ, ಮತ್ತು ಆ ಫೋನನ್ನು ಇದುವರೆಗೆ ಯಾವ ಮಗುವೂ ಕೈಯಲ್ಲಿ ಹಿಡಿದಿಲ್ಲ. ಈ ಯೋಜನೆಯನ್ನು ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಮುಂದಿಟ್ಟಾಗ ಹಿರಿಯ ಶಿಕ್ಷಕರೊಬ್ಬರು, "ಮನೆಯಲ್ಲಿ ಮೊಬೈಲ್ ಬಿಡಿಸಲಿಕ್ಕೆಂದೇ ತಾಯಂದಿರು ಶಾಲೆಗೆ ಕಳಿಸುತ್ತಾರೆ, ನೀವು ಇಲ್ಲಿಯೂ ಅದನ್ನೇ ಹಿಡಿಸುತ್ತೀರಾ ಮೇಡಂ?" ಎಂದು ಕೇಳಿದ್ದರು. ಅವರ ಶಾಲೆಯಿಂದಲೇ ಕಳೆದ ವರ್ಷ ಇಬ್ಬರು ಶಿಕ್ಷಕಿಯರು ಬಂದು ಒಂದಿಡೀ ದಿನ ಕುಳಿತು ನೋಡಿ ಹೋದರೆಂಬುದನ್ನು ಹೇಳದೆ ಇರಲಾರೆ.

ಏಣಿ, ತಟ್ಟೆ, ಚಪ್ಪರ, ಪ್ರಗತಿ ನೋಟಗಳ ಬಗ್ಗೆ ನಲಿ-ಕಲಿಯವರಿಗೆ ನಾನು ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಸಾಕು: ಏಣಿಯೆಂದರೆ ಕಲಿಕೆಯ ಮೆಟ್ಟಿಲುಗಳ ಪಟ್ಟಿ, ತಟ್ಟೆಯೆಂದರೆ ಮಕ್ಕಳು ಕೂರುವ ಗುಂಪು, ಚಪ್ಪರವೆಂದರೆ ಮಕ್ಕಳ ಕೆಲಸಗಳನ್ನು ತೂಗುಹಾಕುವ ತಂತಿಜಾಲ, ಪ್ರಗತಿ ನೋಟವೆಂದರೆ ಯಾವ ಮಗು ಎಲ್ಲಿಗೆ ಬಂದಿದೆಯೆಂದು ಗುರುತು ಹಾಕುವ ಗೋಡೆಯ ಪಟ್ಟಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾದಂದಿನಿಂದಲೂ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಶಿಕ್ಷಕರು ತಿಳಿದಿರುವುದೇ ಈ ಪದ್ಧತಿಯ ಜೀವ. ಆದರೆ ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವಾಗ ಪ್ರಗತಿ ನೋಟಕ್ಕೆ ಗುರುತು ಬೀಳುವುದು ಸಂಜೆ, ನೆನಪಿನಿಂದ, ಅದೂ ತುಸು ಉದಾರವಾಗಿ. ನಾನು ತಂತ್ರಜ್ಞಾನದ ಮೊರೆ ಹೋದದ್ದು ಈ ಒಂದು ತೊಡಕಿಗಾಗಿ ಮಾತ್ರ. ಅನಿಮೇಷನ್ ಪಾಠಗಳ ವಿಷಯದಲ್ಲಿ ನನಗೆ ಇಂದಿಗೂ ಅಷ್ಟು ಉತ್ಸಾಹವಿಲ್ಲ.

ಮೊದಲು ಹಿಡಿದದ್ದು ಓದನ್ನು. ಶಿಕ್ಷಕರ ಸಹಾಯದ ತಟ್ಟೆಗೆ ಬಂದ ಮಗುವಿನಿಂದ ಒಂದು ನಿಮಿಷ ಗಟ್ಟಿಯಾಗಿ ಓದಿಸಿ ಧ್ವನಿಮುದ್ರಿಸಿಕೊಳ್ಳುವುದು, ತಿಂಗಳಿಗೊಮ್ಮೆ ಅದೇ ಮಟ್ಟದ ಬೇರೊಂದು ಭಾಗವನ್ನು ಓದಿಸುವುದು, ಇಷ್ಟೇ ಕ್ರಮ. ಜೂನ್ ಮತ್ತು ಜುಲೈ ತಿಂಗಳ ಮುದ್ರಣಗಳೆಲ್ಲ ಹಾಳಾದವು, ಏಕೆಂದರೆ ನಮ್ಮ ಮಳೆಯಲ್ಲಿ ಶೀಟಿನ ಮೇಲೆ ಬೀಳುವ ಸದ್ದಿನ ಮುಂದೆ ಆರು ವರ್ಷದ ಮಗುವಿನ ದನಿ ಎಲ್ಲಿ ಕೇಳಬೇಕು? ಇನ್ನೂರೈವತ್ತು ರೂಪಾಯಿಯ ಕಾಲರ್ ಮೈಕು ತಂದೆ. ಮಕ್ಕಳು ಅದನ್ನು ಕಚ್ಚಿ ನೋಡಿದರು, ಎರಡನೆಯ ವಾರಕ್ಕೆ ತಂತಿ ಕಿತ್ತು ಬಂತು. ಕೊನೆಗೆ ಒದಗಿದ್ದು ಪಕ್ಕದಲ್ಲಿಯೇ ಇರುವ ಅಕ್ಷರ ದಾಸೋಹದ ದಾಸ್ತಾನು ಕೊಠಡಿ. ಅದಕ್ಕೆ ತಾರಸಿಯಿದೆ, ಮೂರು ಕಡೆ ಪೇರಿಸಿಟ್ಟ ಅಕ್ಕಿ ಮೂಟೆಗಳು ಸದ್ದನ್ನು ಹೀರಿಕೊಳ್ಳುತ್ತವೆ, ಬಾಗಿಲು ತೆರೆದಿಟ್ಟರೆ ಉಳಿದ ತಟ್ಟೆಗಳ ಮಕ್ಕಳೂ ಕಣ್ಣಿಗೆ ಬೀಳುತ್ತಾರೆ. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಮೈಕಿನ ಮುಂದೆ ಬಾಯಿ ಬಿಡದ ಮಕ್ಕಳನ್ನು ಓದಿಸಲು ನಾನು ಮಾಡುವ ಉಪಾಯವೊಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಎಣಿಕೆಯಲ್ಲಿ ಮಾತ್ರ ನಾನು ಸುತ್ತೋಲೆಯ ದಾರಿ ಬಿಟ್ಟೆ. 2021ರಲ್ಲಿ ಬಂದ ಕೇಂದ್ರದ ಬುನಾದಿ ಕಲಿಕಾ ಅಭಿಯಾನ ನಿಪುಣ್ ಭಾರತ್ ಗುರಿಗಳ ಪ್ರಕಾರ ಎರಡನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು. 'ಮನೆಯಲ್ಲಿರುವವರಿಗೆಲ್ಲ' ಎಂಬುದನ್ನೂ ಒಂದೇ ಪದವೆಂದು, 'ಮರ' ಎಂಬುದನ್ನೂ ಒಂದೇ ಪದವೆಂದು ಎಣಿಸಿದರೆ ಕನ್ನಡದ ಮಗುವಿಗೆ ನ್ಯಾಯ ಸಿಗುವುದಿಲ್ಲ. 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಭಾಷೆಗೊಂದು ಮಾನದಂಡ ಇಟ್ಟುಕೊಂಡದ್ದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ನಾನು ಪದಗಳ ಜೊತೆಗೆ ಅಕ್ಷರಗಳನ್ನೂ ಎಣಿಸುತ್ತೇನೆ, ಒತ್ತಕ್ಷರ ಬಂದಲ್ಲಿ ಮಗು ಎಷ್ಟು ಹೊತ್ತು ತಡೆಯುತ್ತದೆಂದು ಬೇರೆಯಾಗಿ ಬರೆದುಕೊಳ್ಳುತ್ತೇನೆ. ಇಪ್ಪತ್ತು ಪದಗಳ ಆಸುಪಾಸಿನಲ್ಲಿಯೇ ನಿಂತಿದ್ದ ಒಬ್ಬ ಹುಡುಗಿಯ ಮುದ್ರಣವನ್ನು ಮತ್ತೆ ಮತ್ತೆ ಕೇಳಿದಾಗ, ಅವಳು ಎಡವುತ್ತಿದ್ದುದು ಸಜಾತಿ ಒತ್ತಿನಲ್ಲಲ್ಲ, 'ಸ್ತ', 'ಷ್ಟ'ದಂತಹ ವಿಜಾತಿ ಒತ್ತಿನಲ್ಲಿ ಮಾತ್ರ ಎಂದು ಗೊತ್ತಾಯಿತು. ಅಷ್ಟಕ್ಕೇ ಕಾರ್ಡು ಮಾಡಿಕೊಟ್ಟೆ. ಬೇಸಿಗೆ ರಜೆಗೆ ಮುಂಚೆ ನಲವತ್ತು ದಾಟಿದಳು.

ಬರಹಕ್ಕೆ ಪಿವಿಸಿ ಪೈಪಿನ ಸ್ಟ್ಯಾಂಡ್ ಮಾಡಿಸಿದೆ. ಪೈಪು, ಎಲ್ಬೋ, ಫೋನ್ ಹಿಡಿಕೆ ಎಲ್ಲ ಸೇರಿ ಮುನ್ನೂರರೊಳಗೆ ಮುಗಿಯಿತು. ಕ್ಯಾಮೆರಾ ನೇರ ಕೆಳಮುಖವಾಗಿರುತ್ತದೆ, ಸ್ಲೇಟು ಮತ್ತು ಮಗುವಿನ ಕೈ ಬಿಟ್ಟರೆ ಮುಖ ಬೀಳುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರಿಗೆ ಇದನ್ನು ತೋರಿಸಿದ ಮೇಲೆಯೇ ಅವರ ಒಪ್ಪಿಗೆ ಸಿಕ್ಕಿತು. ನಲಿ-ಕಲಿಯಲ್ಲಿ ಅಕ್ಷರ ಕಲಿಸುವ ಮೊದಲ ಗುಂಪಾದ ರಗಸದಅ ಮುಗಿಸಿ ಎರಡನೆಯ ಗುಂಪಾದ ಜವಮಬನಕ್ಕೆ ಬಂದ ಮಕ್ಕಳಲ್ಲಿ 'ವ' ಮತ್ತು 'ಮ' ಬೆರೆಯುವುದು ನಮಗೆಲ್ಲ ಗೊತ್ತಿದ್ದದ್ದೇ. ಪುಸ್ತಕದಲ್ಲಿ ಎರಡೂ ಅಕ್ಷರ ಸರಿಯಾಗಿಯೇ ಕಾಣುತ್ತಿದ್ದ ಒಬ್ಬ ಹುಡುಗ, ವಿಡಿಯೊದಲ್ಲಿ ನೋಡಿದರೆ, 'ಮ'ದ ಬಾಲವನ್ನು ಮೊದಲು ಎಳೆದು ಆಮೇಲೆ ಬಲದಿಂದ ಎಡಕ್ಕೆ ಉಳಿದದ್ದನ್ನು ಜೋಡಿಸುತ್ತಿದ್ದ. ಅವನು ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದ. ಅವನ ವೇಗ ಏಕೆ ಹೆಚ್ಚುವುದಿಲ್ಲವೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡದ್ದಕ್ಕೆ ಕಾರಣ ಅರ್ಧ ನಿಮಿಷದಲ್ಲಿ ಸಿಕ್ಕಿತು.

ಹಳೆಯ ವಿದ್ಯಾರ್ಥಿಗಳು ಕೊಡಿಸಿದ ಟಿವಿಯೊಂದಿತ್ತು, ಹದಿನಾಲ್ಕು ಸಾವಿರದ ಹತ್ತಿರದ್ದು. ಫೋನಿನ ದೃಶ್ಯವನ್ನು ಅದರಲ್ಲಿ ಬಿತ್ತರಿಸಿದರೆ ಎಲ್ಲರೂ ನೋಡಿ ಕಲಿಯುತ್ತಾರೆಂದುಕೊಂಡಿದ್ದೆ. ದೃಶ್ಯ ಅರೆಕ್ಷಣ ತಡವಾಗಿ ಬರುತ್ತದೆ. ಬರೆಯುವ ಮಗು ಸ್ಲೇಟು ಬಿಟ್ಟು ಟಿವಿ ನೋಡುತ್ತಾ ಕೈಯಾಡಿಸಿದರೆ ಅಕ್ಷರ ಎತ್ತೆತ್ತಲೋ ಹೋಗುತ್ತದೆ. ಬರೆಯುವವರ ಬೆನ್ನು ಟಿವಿಯ ಕಡೆಗೆ ಇರುವಂತೆ ಕೂರಿಸಿದ ಮೇಲೆ ಸರಿಹೋಯಿತು.

ಅತಿ ಹೆಚ್ಚು ದುಡ್ಡು ಮತ್ತು ತಾಳ್ಮೆ ತಿಂದದ್ದು ಪ್ಲಿಕರ್ಸ್ ಎಂಬ ಆ್ಯಪ್‌ನ ಕಾರ್ಡುಗಳು. ಪ್ರತಿ ಮಗುವಿಗೂ ಒಂದು ಸಂಖ್ಯೆಯ ಕಪ್ಪು-ಬಿಳುಪು ಕಾರ್ಡು. ಯಾವ ಅಂಚು ಮೇಲಿದೆಯೋ ಅದೇ ಉತ್ತರ. ಫೋನನ್ನು ಒಮ್ಮೆ ಕೊಠಡಿಯುದ್ದಕ್ಕೂ ಆಡಿಸಿದರೆ ಯಾರ ಉತ್ತರ ಏನೆಂದು ದಾಖಲಾಗುತ್ತದೆ. ದೊಡ್ಡ ತರಗತಿಗಳಲ್ಲಿ ಇದನ್ನು ಬಳಸಿದವರಿದ್ದಾರೆ, ನಲಿ-ಕಲಿಗೆ ಆಗದೆಂದು ಅವರೇ ಹೇಳಿದ್ದರು. ಅಂಚಿನ ಇಂಗ್ಲಿಷ್ ಅಕ್ಷರಗಳು ನಮ್ಮ ಮಕ್ಕಳಿಗೆ ತಿಳಿಯುವುದಿಲ್ಲವಾದ್ದರಿಂದ ಹಿಂಬದಿಯ ಅಂಚುಗಳಿಗೆ ಕೆಂಪು, ಹಳದಿ, ಹಸಿರು, ನೀಲಿ ಬಿಂದಿ ಅಂಟಿಸಿದೆ. ಬಾಳಿಕೆ ಬರಲೆಂದು ಸುಮಾರು ಆರುನೂರು ರೂಪಾಯಿ ಕೊಟ್ಟು ಲ್ಯಾಮಿನೇಷನ್ ಮಾಡಿಸಿದ್ದು ದಂಡವಾಯಿತು. ಕಿಟಕಿಯ ಬೆಳಕಿಗೆ ಹೊಳೆದು ಕ್ಯಾಮೆರಾಕ್ಕೆ ಕಾಣಲೇ ಇಲ್ಲ. ಸಾದಾ ದಪ್ಪ ರಟ್ಟಿಗೆ ಅಂಟಿಸಿದರೆ ಮಕ್ಕಳ ಹೆಬ್ಬೆರಳು ಕಪ್ಪು ಭಾಗವನ್ನು ಮುಚ್ಚುತ್ತಿತ್ತು. ಕಡ್ಡಿ ಕಟ್ಟಿದರೆ ಕಾರ್ಡು ತಿರುಗಿಸಲಾಗದು. ಕೊನೆಗೆ ಹಿಂಬದಿಯ ನಡುಮಧ್ಯೆ ನೀರಿನ ಬಾಟಲಿಯ ಮುಚ್ಚಳವೊಂದನ್ನು ಎಂ-ಸೀಲ್ ಹಾಕಿ ಕೂರಿಸಿದೆ (ಫೆವಿಕಾಲ್ ನಮ್ಮ ಥಂಡಿಗೆ ನಿಲ್ಲುವುದಿಲ್ಲ). ಮುಚ್ಚಳ ಹಿಡಿದು ನಲ್ಲಿ ತಿರುಗಿಸಿದಂತೆ ತಿರುಗಿಸಿದರೆ ಬೇಕಾದ ಬಣ್ಣ ಮೇಲೆ ಬರುತ್ತದೆ, ಬೆರಳು ಮುಂದೆ ಬರುವುದೇ ಇಲ್ಲ.

ಆಗ ಹೊಸ ತೊಂದರೆ ಎದ್ದಿತು: ಪಕ್ಕದವರ ಬಣ್ಣ ನೋಡಿಕೊಂಡು ತಿರುಗಿಸುವುದು. ಮೊದಲ ತಿಂಗಳು ಸಂಕಲನದಲ್ಲಿ ಎಲ್ಲರೂ ಪಂಡಿತರಾಗಿದ್ದರು! ಅದಕ್ಕೆ ಪರಿಹಾರ ಕಾರ್ಡಿನಲ್ಲಿಲ್ಲ, ಕೂರಿಸುವ ವಿನ್ಯಾಸದಲ್ಲಿದೆ. ನೋಡಬೇಕೆನ್ನುವವರು ಶಾಲೆಗೆ ಬರಲಿ. ಸಿಗ್ನಲ್ ಸಿಗುವುದು ಜಗುಲಿಯಲ್ಲಿ ಮಾತ್ರವಾದ್ದರಿಂದ ಶುಕ್ರವಾರ ಈ ಕಾರ್ಡುಗಳ ಪ್ರಶ್ನೋತ್ತರಕ್ಕೆ ಅಲ್ಲಿಯೇ ಚಾಪೆ ಹಾಸುತ್ತೇವೆ. ಉಚಿತ ಖಾತೆಯಲ್ಲಿ ಒಂದು ಸಲಕ್ಕೆ ಐದು ಪ್ರಶ್ನೆಗಳಷ್ಟೇ ಸಿಗುತ್ತಿದ್ದವು, ಈ ವಯಸ್ಸಿಗೆ ಆರನೆಯದು ಬೇಕಾಗಿಯೂ ಇಲ್ಲ.

ನಡುವೆ ನಲಿ-ಕಲಿಯ ಕಲಿಕಾ ಕಾರ್ಡುಗಳ ಹಿಂದೆ ಕ್ಯೂಆರ್ ಕೋಡ್ ಅಂಟಿಸಿ ಊರಿನ ಅಜ್ಜಿಯರ ಹಾಡು ಕೇಳಿಸುವ ಪ್ರಯತ್ನವನ್ನೂ ಮಾಡಿದ್ದೆ. ಡ್ರೈವ್‌ನಿಂದ ಹಾಡು ಇಳಿಯುವಷ್ಟರಲ್ಲಿ ಮಕ್ಕಳು ಬೇರೆ ತಟ್ಟೆಗೆ ಹೋಗಿರುತ್ತಿದ್ದರು. ಮಾತಾಡುವ ಪೆನ್ನಿನ ಬೆಲೆ ವಿಚಾರಿಸಿದೆ, ಆರೇಳು ಸಾವಿರವೆಂದರು, ಕೈಬಿಟ್ಟೆ. ಹಾಡುಗಳು ಈಗ ಪೆನ್‌ಡ್ರೈವ್ ಹಾಕುವ ಎಂಟುನೂರು ರೂಪಾಯಿಯ ಸ್ಪೀಕರಿನಲ್ಲಿ, ಬೆಳಗಿನ ಹೊತ್ತು ಮಾತ್ರ.

ಎಲ್ಲ ದಾಖಲೆಯೂ ಒಂದು ಗೂಗಲ್ ಶೀಟಿಗೆ ಸೇರುತ್ತದೆ: ಅಡ್ಡ ಸಾಲಿನಲ್ಲಿ ಮಗು, ಉದ್ದ ಸಾಲಿನಲ್ಲಿ ಮೈಲಿಗಲ್ಲು, ಮೂರು ವಾರ ಕದಲದ ಮಗುವಿನ ಚೌಕ ತಾನಾಗಿ ಕೆಂಪಾಗುತ್ತದೆ. ಸಂಜೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ಹತ್ತು ಹದಿನೈದು ನಿಮಿಷದ್ದು, ಸ್ಯಾಟ್ಸ್‌ಗೆ (ವಿದ್ಯಾರ್ಥಿಗಳ ಸಾಧನೆ ದಾಖಲಿಸುವ ಇಲಾಖೆಯ ತಂತ್ರಾಂಶ) ತುಂಬುವಾಗಲೂ ಹುಡುಕಾಟವಿಲ್ಲ. ಗೋಡೆಯ ಪ್ರಗತಿ ನೋಟವನ್ನು ನಾನು ತೆಗೆದಿಲ್ಲ. ತಮ್ಮ ಗುರುತನ್ನು ತಾವೇ ಹಾಕುವುದು ಮಕ್ಕಳ ಹಕ್ಕು, ಮತ್ತು ಶೀಟಿಗೂ ಗೋಡೆಗೂ ತಾಳೆಯಾಗದ ದಿನ ಯಾರನ್ನು ಮತ್ತೆ ಓದಿಸಬೇಕೆಂದು ತಿಳಿಯುತ್ತದೆ.

ಟಿವಿ ಬಿಟ್ಟು ಒಟ್ಟು ಖರ್ಚು ಏಳೂವರೆ ಸಾವಿರದ ಆಸುಪಾಸು ಇರಬೇಕು. ಅದರಲ್ಲಿ ಹಳೆಯ ಫೋನಿಗೇ ನಾಲ್ಕು ಸಾವಿರ, ಹಾಳಾದದ್ದಕ್ಕೆ ಸಾವಿರದ ಮೇಲೆ. ಎಸ್‌ಡಿಎಂಸಿಯಿಂದ ಎರಡು ಸಾವಿರ ಬಂತು, ಉಳಿದದ್ದು ನನ್ನ ಸಂಬಳದ್ದು. ಫೋನಿನ ಬ್ಯಾಟರಿ ಈಗ ಉಬ್ಬಿಕೊಂಡಿದೆ, ಶಿವಮೊಗ್ಗದಲ್ಲಿ ಎಂಟುನೂರು ಕೇಳುತ್ತಿದ್ದಾರೆ. ಶಾಲೆ ಶುರುವಾಗುವುದರೊಳಗೆ ಹಾಕಿಸಬೇಕು.