ಪಿಕಪ್‌ನ ಸೀಟಿನ ಹಿಂದೆ 18 ಲೀಟರ್ ಗಾಳಿ

ಬದಿಯಡ್ಕದಿಂದ ಮಂಗಳೂರಿಗೆ ಅಡಿಕೆ ಮೂಟೆ ಸಾಗಿಸುವ ನಮ್ಮ ಎರಡು ಸಾಲು ಸೀಟಿನ ಪಿಕಪ್‌ನಲ್ಲಿ ತಾಳಮದ್ದಳೆಯ ಧ್ವನಿಮುದ್ರಣ ಕೇಳುತ್ತ ಹೋಗುವುದು ನನ್ನ ಹಳೆಯ ಅಭ್ಯಾಸ. ಬಾಗಿಲಿನ ಸಣ್ಣ ಸ್ಪೀಕರುಗಳಲ್ಲಿ ಭಾಗವತರ ಪದವೂ ಅರ್ಥಧಾರಿಯ ಮಾತೂ ಸ್ಪಷ್ಟವಾಗಿಯೇ ಕೇಳುತ್ತಿದ್ದವು. ಆದರೆ ಗಾಡಿ ವೇಗ ಹಿಡಿದೊಡನೆ ಮದ್ದಳೆಯ ಎಡಬದಿಯ ತುಂಬಿದ ನಾದ ಡೀಸೆಲ್ ಎಂಜಿನ್ನಿನ ಮೊರೆತದಲ್ಲಿ ಮುಳುಗಿಹೋಗುತ್ತಿತ್ತು. ಈ ಕೊರತೆ ನೀಗಲೆಂದು 10 ಇಂಚಿನ, ಬೆನ್ನು ತೆಳುವಾದ, ತಗ್ಗು ಸ್ವರಕ್ಕೆಂದೇ ಇರುವ ಒಂದು ಸಬ್‌ವೂಫರನ್ನೂ ಅದರೊಂದಿಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಸಿದ್ಧ ಪೆಟ್ಟಿಗೆಯೊಂದನ್ನೂ ಕೊಂಡು ತಂದೆ. ಸೀಟಿನ ಹಿಂದೆ ಹಿಡಿಸಿದ್ದು ಒಳಗೆ 9 ಲೀಟರ್ ಮಾತ್ರ ಅವಕಾಶವಿದ್ದ ಪೆಟ್ಟಿಗೆ. ಮನೆಯಂಗಳದಲ್ಲಿ ನಿಲ್ಲಿಸಿ ಕೇಳಿದಾಗ ಸೊಗಸಾಗಿಯೇ ಇತ್ತು. ಕುಂಬಳೆ ದಾಟಿ ಹೆದ್ದಾರಿಗೆ ಬಂದ ಮೇಲೆ ಮಾತ್ರ ಕೊಡದೊಳಗೆ ತಲೆ ಇಟ್ಟು ಕೇಳಿದಂತಾಯಿತು.

ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿದ ಬಳಿಕವೇ ತಿಳಿದದ್ದು. ಸ್ಪೀಕರಿನೊಂದಿಗೆ ಬರುವ ಚೀಟಿಯಲ್ಲಿ ಥೀಲ್–ಸ್ಮಾಲ್ ಅಂಕಿಗಳೆಂಬವು ಇರುತ್ತವೆ. 1961ರಲ್ಲಿ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಆಸ್ಟ್ರೇಲಿಯದಲ್ಲಿ ರೂಪಿಸಿದ ಲೆಕ್ಕಾಚಾರ ಅದು. ನನ್ನ ಸ್ಪೀಕರಿನ ಸಹಜ ಕಂಪನ 32 ಹರ್ಟ್ಸ್, ಅಂದರೆ ಸೆಕೆಂಡಿಗೆ 32 ಬಾರಿ; ಆ ಕಂಪನದಲ್ಲಿ ಅದು ಎಷ್ಟು ಮೊರೆಯುತ್ತದೆಂದು ತೋರಿಸುವ ಕ್ಯೂಟಿಎಸ್ 0.45; ಅದರ ಸ್ಪ್ರಿಂಗಿನಷ್ಟೇ ಬಿಗಿ ಇರುವ ಗಾಳಿಯ ಪ್ರಮಾಣವಾದ ವಿಎಎಸ್ 28 ಲೀಟರ್. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, ಒಂದನ್ನು ಕೂಡಿ, ವರ್ಗಮೂಲ ತೆಗೆದರೆ ಬರುವ ಸಂಖ್ಯೆಯಿಂದ ಮೊದಲಿನ ಎರಡನ್ನೂ ಗುಣಿಸಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಸ್ಪೀಕರು ಹೇಗೆ ವರ್ತಿಸುತ್ತದೆಂಬುದು ಅದರಿಂದ ತಿಳಿಯುತ್ತದೆ. 9 ಲೀಟರಿಗೆ ಆ ಗುಣಕ ಸುಮಾರು 2.03. ಎಂದರೆ ಕಂಪನ 65 ಹರ್ಟ್ಸಿಗೆ ಏರಿತ್ತು, ಕ್ಯೂ 0.91 ಆಗಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿ ಸುತ್ತಿಗೆ ಎರಡರಂತೆ ಸೆಕೆಂಡಿಗೆ 66–67 ಬಾರಿ ಇಂಧನ ಉರಿಯುತ್ತದೆ. ನನ್ನ ಗಾಡಿ ಹೆದ್ದಾರಿಯಲ್ಲಿ ಓಡುವುದು ಹೆಚ್ಚುಕಡಿಮೆ ಅದೇ ಸುತ್ತಿನಲ್ಲಿ. ಎಂಜಿನ್ನೂ ಪೆಟ್ಟಿಗೆಯೂ ಒಂದೇ ಶ್ರುತಿಯಲ್ಲಿ ಕೂತು ಮೊರೆಯುತ್ತಿದ್ದವು!

18 ಲೀಟರಿಗೆ ಅದೇ ಲೆಕ್ಕ ಮಾಡಿದಾಗ ಕಂಪನ 51 ಹರ್ಟ್ಸಿಗೆ ಇಳಿಯಿತು, ಕ್ಯೂ 0.72 ಆಯಿತು. ಕ್ಯೂ 0.707ರ ಆಸುಪಾಸಿನಲ್ಲಿದ್ದರೆ ಧ್ವನಿ ಎಲ್ಲಿಯೂ ಉಬ್ಬದೆ ಸಮತಟ್ಟಾಗಿರುತ್ತದೆ. 51 ಹರ್ಟ್ಸಿಗಿಂತ ಕೆಳಗೆ ಪೆಟ್ಟಿಗೆಯ ಧ್ವನಿ ಕುಗ್ಗುತ್ತದೆ ನಿಜ. ಆದರೆ ಎರಡೂವರೆ ಮೀಟರ್ ಉದ್ದದ ಮುಚ್ಚಿದ ಕ್ಯಾಬಿನ್ ಸುಮಾರು 68 ಹರ್ಟ್ಸಿನ ಕೆಳಗೆ ತಾನೇ ಧ್ವನಿಯನ್ನು ಎತ್ತಿಕೊಡುವುದರಿಂದ ಆ ನಷ್ಟ ಬಹುಪಾಲು ತುಂಬುತ್ತದೆ. ತಗ್ಗು ಸ್ವರವನ್ನು ಎತ್ತಿಕೊಡುವ, ಕೊಳವೆ ಇಟ್ಟ ಪೆಟ್ಟಿಗೆಯನ್ನು ಮಾಡಿಸಿ ಎಂದು ಹೇಳಿದವರಿದ್ದರು. ಅದಕ್ಕೆ ಇನ್ನೂ ಹೆಚ್ಚು ಜಾಗ ಬೇಕು. ಕ್ಯಾಬಿನ್ನೇ ಉಚಿತವಾಗಿ ಕೊಡುವುದಕ್ಕೆ ಜಾಗ ತೆರುವುದು ನನಗೆ ಸರಿಕಾಣಲಿಲ್ಲ.

18 ಲೀಟರಿಗೆ ಸ್ಥಳ ಹುಡುಕುವುದೇ ನಿಜವಾದ ಕೆಲಸವಾಯಿತು. ಸೀಟಿನ ಬೆನ್ನು ಹಿಂದಕ್ಕೆ ವಾಲಿರುವುದರಿಂದ ಅಲ್ಲಿನ ಜಾಗ ಮೇಲೆ ಕಿರಿದು, ಕೆಳಗೆ ಅಗಲ. ರಟ್ಟಿನಲ್ಲಿ ಅಚ್ಚು ತೆಗೆಯಲು ಹೋದರೆ ಬಾಗಿದಲ್ಲೆಲ್ಲ ಮಡಚಿಹೋಗುತ್ತಿತ್ತು. ಕೊನೆಗೆ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಸೀಟಿನ ಬೆನ್ನಿಗೆ ಒತ್ತಿ ಕಟ್ಟಿ ಒಂದು ರಾತ್ರಿ ಬಿಟ್ಟೆ. ಒಣಗಿದ ಹಾಳೆ ಆ ಬಾಗನ್ನು ಹಾಗೆಯೇ ಹಿಡಿದುಕೊಂಡಿತು. ಅದನ್ನು ನೋಡಿ ಒಳ ಅಳತೆ ಗೊತ್ತುಮಾಡಿದೆ: ಅಗಲ 50 ಸೆಂಟಿಮೀಟರ್, ಎತ್ತರ 32, ಆಳ ಮೇಲೆ 8.5, ಕೆಳಗೆ 17.5. ಸರಾಸರಿ ಆಳ 13 ಎಂದರೆ ಒಟ್ಟು 20.8 ಲೀಟರ್. ಸ್ಪೀಕರಿನ ಬೆನ್ನೂ ಒಳಗಿನ ಅಡ್ಡಪಟ್ಟಿಯೂ ಎರಡು ಲೀಟರಿನಷ್ಟು ನುಂಗಿದರೂ ಬೇಕಾದದ್ದು ಉಳಿಯುತ್ತದೆ.

ಬಡಗಿ ಆಚಾರಿಯವರಿಗೆ ಅಳತೆಯ ಚೀಟಿ ಕೊಟ್ಟಾಗ ಅವರು ಮುಂದಿನ ಹಲಗೆಯ ಮೇಲೆ ಬೆರಳಿಟ್ಟು, "ಮಾಷ್ಟ್ರೇ, ವಾಲಿದ ಹಲಗೆ ನೆಟ್ಟಗಿನದಕ್ಕಿಂತ ಉದ್ದ ಬೇಕಲ್ಲ?" ಎಂದರು. ನಾನು 32 ಎಂದೇ ಬರೆದಿದ್ದೆ, ಬೇಕಾದದ್ದು 33.2. ಅವರ ಲೆಕ್ಕದಲ್ಲಿ ನಾಲ್ಕು ನೂಲು, ಅಂದರೆ ಅರ್ಧ ಇಂಚು ಕಡಿಮೆ. ಪೈಥಾಗೊರಸನ ಪ್ರಮೇಯವನ್ನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವನು ನಾನು. ಹೆಚ್ಚು ಮಾತಾಡದೆ ಚೀಟಿ ತಿದ್ದಿದೆ.

ಈ ಸಲ ಎಂಡಿಎಫ್ ಬೇಡವೆಂದು ಮೊದಲೇ ನಿಶ್ಚಯಿಸಿದ್ದೆ. ಹಿಂದಿನ ಗಾಜಿನ ರಬ್ಬರಿನ ಸಂದಿಯಿಂದ ಇಳಿದ ಆಟಿ ತಿಂಗಳ ಮಳೆನೀರನ್ನು ಕುಡಿದು ಹಳೆಯ ಪೆಟ್ಟಿಗೆಯ ತಳ ಊದಿ, ಅಂಚುಗಳು ಪದರ ಬಿಟ್ಟಿದ್ದವು. ಆದ್ದರಿಂದ ಐಎಸ್ 710 ಗುರುತಿನ, 18 ಮಿಲಿಮೀಟರ್ ದಪ್ಪದ ಮರೀನ್ ಪ್ಲೈವುಡ್ ತಂದೆ. ಕೂಡುವ ಅಂಚುಗಳಿಗೆಲ್ಲ ನೀರು ತಡೆಯುವ ಅಂಟು ಬಳಿದು, ನಾಲ್ಕೈದು ಇಂಚಿಗೊಂದರಂತೆ ಸ್ಕ್ರೂ ಬಿಗಿದೆವು. ಮುಂದಿನ ಹಲಗೆಯನ್ನೂ ಅಡ್ಡಪಟ್ಟಿಯನ್ನೂ ಕೂರಿಸುವ ಮೊದಲು ಪೆಟ್ಟಿಗೆಯನ್ನು ಮಲಗಿಸಿ, ಲೀಟರ್ ಪಾತ್ರೆಯಲ್ಲಿ ಕುಚ್ಚಲಕ್ಕಿ ಅಳೆದು ಸುರಿದು ನೋಡಿದೆ. ಇಪ್ಪತ್ತೂವರೆ ಲೀಟರ್ ಹಿಡಿಯಿತು. "ಇದಕ್ಕೂ ಊಟ ಬಡಿಸುವುದುಂಟಾ?" ಎಂದು ಅಮ್ಮ ಕೇಳಿದರು.

ತಂತಿಯ ಕೆಲಸದಲ್ಲಿ ಹೇಳಬೇಕಾದದ್ದು ಹೆಚ್ಚಿಲ್ಲ. 250 ವ್ಯಾಟಿನ ಆಂಪ್ಲಿಫೈಯರ್ ಪೂರ್ತಿ ದುಡಿದರೆ 23 ಆಂಪಿಯರಿನಷ್ಟು ವಿದ್ಯುತ್ ಎಳೆಯುತ್ತದೆ. ಬ್ಯಾಟರಿಯಿಂದ ಐದು ಮೀಟರ್ ದೂರಕ್ಕೆ 10 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿ, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇಟ್ಟೆ. ಪೆಟ್ಟಿಗೆಯನ್ನು ಬೋಲ್ಟಿನಿಂದ ಬಿಗಿಯಲು ನೆಲ ಕೊರೆಯುವ ಮುನ್ನ ಗಾಡಿಯ ಅಡಿಗೆ ನುಸುಳಿ, ಬ್ರೇಕಿನ ಕೊಳವೆಯೂ ಇಂಧನದ ಟ್ಯಾಂಕೂ ಎಲ್ಲಿವೆ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಸೋರಿಕೆಯ ಪರೀಕ್ಷೆಗೆ ಮಾತ್ರ ಒಂದು ಸಂಜೆಯೇ ಹಿಡಿಯಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಸ್ವರ ಸಡಿಲಾಗುತ್ತದೆ. 25 ಹರ್ಟ್ಸಿನ ಧ್ವನಿಯನ್ನು ಮೆಲ್ಲಗೆ ನುಡಿಸುತ್ತ, ಹೊತ್ತಿಸಿದ ಊದುಬತ್ತಿಯನ್ನು ಅಂಚುಗಳ ಉದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದೆ. ಮೂಲೆಗಳಲ್ಲೆಲ್ಲ ಹೊಗೆ ನೆಟ್ಟಗೆ ಏರಿತು. ತಂತಿ ಒಳಹೋಗುವ ಟರ್ಮಿನಲ್ ಬಟ್ಟಲಿನ ಬಳಿ ಬಂದಾಗ ಒಮ್ಮೆಲೇ ನಡುಗಿ ಒಡೆಯಿತು. ಸ್ಪೀಕರನ್ನೂ ಆ ಬಟ್ಟಲನ್ನೂ ಕಳಚಿ, ಬಟ್ಟಲಿನ ಅಡಿಗೆ ಸಿಲಿಕೋನ್ ಬಳಿದು, ಅದರ ಹುಳಿವಾಸನೆ ಹೋಗುವವರೆಗೆ ಒಂದು ದಿನ ಕಾದು ಸ್ಪೀಕರನ್ನು ಮತ್ತೆ ಕೂರಿಸಿದೆ.

80 ಹರ್ಟ್ಸಿಗಿಂತ ತಗ್ಗಿನ ಸ್ವರ ಮಾತ್ರ ಈ ಸ್ಪೀಕರಿಗೆ ಹೋಗುವಂತೆ ಕಡಿತ ಇಟ್ಟು ಮರುದಿನ ಅಡಿಕೆ ಹೇರಿಕೊಂಡು ಹೊರಟೆ. ಹೆದ್ದಾರಿಯ ವೇಗದಲ್ಲಿಯೂ ಮದ್ದಳೆಯ ಎಡದ ಪೆಟ್ಟು ಬೇರೆಯಾಗಿ, ಎಂಜಿನ್ನಿಗೆ ಅಂಟಿಕೊಳ್ಳದೆ ಕೇಳಿಸಿತು. ಆದರೆ ತಲಪಾಡಿ ತಲುಪುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ಕಟಕಟ ಸದ್ದು ಶುರುವಾಯಿತು: ಪೆಟ್ಟಿಗೆಗೆ ಜಾಗ ಮಾಡಲೆಂದು ಸೀಟಿನ ಅಡಿಗೆ ತುರುಕಿದ್ದ ಜಾಕಿ. ಅದಕ್ಕೆ ಹಳೆಯ ಗೋಣಿಚೀಲ ಸುತ್ತಿದೆ.